ರಾಗಿ ಸರಿ: ಹೊಸೂರು–ಕೃಷ್ಣಗಿರಿ ಸೀಮೆಯ ಶಿಶು ಆಹಾರ

ರಾಗಿ ಸರಿ ಎಂದರೆ ಎಳೆಗೂಸಿಗೆ ಎದೆಹಾಲಿನ ಜೊತೆಗೆ ಉಣಿಸುವ ತೆಳುವಾದ ರಾಗಿ ಅಂಬಲಿ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಕನ್ನಡ ಮನೆಗಳಲ್ಲಿಯೂ ಗಡಿಯಾಚೆಯ ಆನೇಕಲ್, ಕೋಲಾರಗಳಲ್ಲಿಯೂ ಇದು ವಾಡಿಕೆಯಲ್ಲಿದೆ.

ಸಾಂಪ್ರದಾಯಿಕ ತಯಾರಿ: ರಾಗಿಯನ್ನು ಕಲ್ಲು ಹೋಗುವಂತೆ ಗಾಲಿಸಿ, ರಾತ್ರಿ ನೆನೆಹಾಕಿ, ಬಿಳಿ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಘಮ ಬರುವಷ್ಟು ಹುರಿದು, ಬೀಸಿ ವಸ್ತ್ರಗಾಳಿತ ಮಾಡುತ್ತಾರೆ. ಬಟ್ಟೆಯ ಮೇಲೆ ಉಳಿದ ಹೊಟ್ಟು ಮಗುವಿಗಲ್ಲ. ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ ಬೇಯಿಸುತ್ತಾರೆ. ಹಿಂದೆ ಮೂರು–ನಾಲ್ಕು ತಿಂಗಳಿಗೇ ಸರಿ ಕುಡಿಸುವುದಿತ್ತು. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಸೂಚಿಸಿತು.

ವೈಜ್ಞಾನಿಕ ಅಧ್ಯಯನ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಆದರೆ ಹಸಿ ರಾಗಿಯ ಹಿಟ್ಟು ಬೆಂದಾಗ ಬಲುಬೇಗ ಗಟ್ಟಿಯಾಗುತ್ತದೆ. ನೀರು ಹೆಚ್ಚಿಸಿದರೆ ಸತ್ವ ಕಡಿಮೆಯಾಗುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳುವಾಗಿಯೇ ಇರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳಾದ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಈ ಗುಣವನ್ನೇ ಆಧರಿಸಿ, ಮೊಳಕೆ ಕಟ್ಟಿದ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರವನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು.

ಕಾರ್ಖಾನೆ ಮತ್ತು ಸರ್ಕಾರ: ಹಾಲು, ಗೋಧಿಹಿಟ್ಟು, ಸಕ್ಕರೆ ಬೆರೆತ ಶಿಶು ಆಹಾರವನ್ನು ಸ್ವಿಟ್ಜರ್ಲೆಂಡಿನ ವೆವೆಯಲ್ಲಿ ಹೆನ್ರಿ ನೆಸ್ಲೆ 1867ರಲ್ಲಿ ಮಾರುಕಟ್ಟೆಗೆ ತಂದಿದ್ದ. ಕಬ್ಬಿಣ, ಜೀವಸತ್ವ ಸೇರಿಸಿದ ಇಂಥ ಡಬ್ಬಿಗಳು ಭಾರತದಲ್ಲಿ ಹಬ್ಬಿದಾಗ, 1992ರ ಶಿಶು ಆಹಾರ ಕಾಯ್ದೆ ಅವುಗಳ ಪ್ರಚಾರಕ್ಕೆ ಕಡಿವಾಣ ಹಾಕಿತು. 2003ರ ತಿದ್ದುಪಡಿ ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನು ನಿಷೇಧಿಸಿತು. ತಮಿಳುನಾಡಿನ ಅಂಗನವಾಡಿಗಳು ಹಂಚುವ ‘ಸತ್ತುಮಾವು’ ಎಂಬ ಪೌಷ್ಟಿಕ ಹಿಟ್ಟಿನಲ್ಲಿ ಗೋಧಿ, ಮೆಕ್ಕೆಜೋಳ, ಕಡಲೆ, ಬೆಲ್ಲ, ಜೀವಸತ್ವ ಮತ್ತು ಖನಿಜಗಳ ಜೊತೆಗೆ ಮೊಳಕೆ ರಾಗಿಯೂ ಇದೆ. ಹೀಗೆ ಅಡುಗೆಮನೆಯ ಕಸುಬು ಸರ್ಕಾರಿ ಪೊಟ್ಟಣಕ್ಕೂ ಬಂದಿದೆ.

ಸಂಗ್ರಹ: ಹಿಟ್ಟಿನ ಶತ್ರು ತೇವ. ಬಿಸಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ಒಣ ಚಮಚದಲ್ಲೇ ತೆಗೆಯಬೇಕು. ಹಾಲಿನ ಪುಡಿ ಸೇರಿದ್ದರೆ ಗಾಳಿಯ ತೇವಕ್ಕೂ ಬೇಗ ಗಂಟು ಕಟ್ಟುತ್ತದೆ. ಮುಗ್ಗಲು ವಾಸನೆ ಬಂದರೆ ಬಿಸಾಡಬೇಕು. ಮಾಡಿದ ಸರಿಯನ್ನು ಆಗಲೇ ಉಣಿಸಬೇಕು. ಎಂಜಲಾದದ್ದನ್ನು ಮತ್ತೆ ಕಾಯಿಸಿ ಕೊಡಬಾರದು.