ಮುಹರ್ರಕ್‌ನಲ್ಲಿ ಇಳಿದ ವಿಮಾನದ ಮೈಬರಹ

1932ರಲ್ಲಿ ಬ್ರಿಟನ್ನಿನ ವಿಮಾನಯಾನ ಸಂಸ್ಥೆ ಇಂಪೀರಿಯಲ್ ಏರ್‌ವೇಸ್ ತನ್ನ ಭಾರತದ ಹಾದಿಯನ್ನು ಪರ್ಷಿಯಾದ ಕರಾವಳಿಯಿಂದ ಅರಬ್ ಕರಾವಳಿಗೆ ಬದಲಿಸಿತು. ಬಹರೈನ್‌ನ ಮುಹರ್ರಕ್ ಆ ಹಾದಿಯ ಒಂದು ತಂಗುದಾಣವಾಯಿತು. ಅಲ್ಲಿಗೆ ಬಂದ ಮೊದಲ ನಿಯತ ಪ್ರಯಾಣಿಕ ವಿಮಾನ ಹ್ಯಾಂಡ್ಲಿ ಪೇಜ್ ಎಚ್.ಪಿ.42; ಮೂತಿಯ ಮೇಲಿನ ಹೆಸರು ಹ್ಯಾನಿಬಲ್, ನೋಂದಣಿ ಜಿ-ಎಎಜಿಎಕ್ಸ್.

ಈ ಮಾದರಿಯವು ಎಂಟೇ ಎಂಟು. ಎಲ್ಲವಕ್ಕೂ 'ಎಚ್' ಅಕ್ಷರದ ಹೆಸರು. ಕಾರ್ಥೇಜಿನವರೂ ರೋಮಿನವರೂ ಸ್ಯಾಕ್ಸನ್ನರೂ ಒಂದೇ ಪಂಕ್ತಿಯಲ್ಲಿ! ಹೆಸರಿನ ಬರಹ ಚಿಕ್ಕದು, ಹಳೆಯ ಫೋಟೊಗಳಲ್ಲಿ ಬೇಗ ಮಸುಕಾಗುತ್ತದೆ. ಒಡಲಿನ ಮೇಲಿನ ದೊಡ್ಡ ಅಕ್ಷರಗಳು ಉಳಿಯುತ್ತವೆ. ಪೂರ್ವದ ಹಾದಿಗೆಂದು ಕಟ್ಟಿದ ನಾಲ್ಕರಲ್ಲಿ ಹೋರ್ಸಾ, ಹ್ಯಾನೊ, ಹೇಡ್ರಿಯನ್ ಕ್ರಮವಾಗಿ ಎಎಯುಸಿ, ಎಎಯುಡಿ, ಎಎಯುಇ. ಹ್ಯಾನಿಬಲ್ ಮಾತ್ರ ಎಎಜಿಎಕ್ಸ್. ಆದ್ದರಿಂದ ಫೋಟೊದಲ್ಲಿ 'ಜಿ' ನಂತರದ ಮೂರನೆಯ ಅಕ್ಷರ 'ಯು' ಎಂದು ಓದಲು ಬಂದರೆ ಸಾಕು, ಅದು ಹ್ಯಾನಿಬಲ್ ಅಲ್ಲ. ಅಡಿಬರಹ ಏನೇ ಹೇಳಲಿ, ನಾನು ಅಕ್ಷರವನ್ನೇ ನಂಬುತ್ತೇನೆ.

ಆದರೆ ಈ ಅಕ್ಷರಗಳಿಂದ ತಯಾರಕರು ಯಾರೆಂದು ತಿಳಿಯದು. 'ಜಿ' ಬ್ರಿಟನ್ನಿನ ಗುರುತು, ಉಳಿದದ್ದು ದಫ್ತರದ ಸರಣಿ. ಮೊದಲ ಮಹಾಯುದ್ಧದ ಜರ್ಮನ್ ಸೇನಾ ವಿಮಾನಗಳ ಪದ್ಧತಿ ಇದಕ್ಕೆ ವಿರುದ್ಧ. ಅಲ್ಲಿ ತಯಾರಕರ ಸಂಕ್ಷಿಪ್ತ ನಾಮ, ವರ್ಗದ ಅಕ್ಷರ, ರೋಮನ್ ಅಂಕಿ, ಕ್ರಮಸಂಖ್ಯೆ, ಬೇಡಿಕೆಯ ವರ್ಷ ಎಲ್ಲವೂ ಒಡಲಿನ ಮೇಲೆಯೇ ಇರುತ್ತಿದ್ದವು. 1918ರ ಏಪ್ರಿಲ್ 21ರಂದು ಜರ್ಮನ್ ಯುದ್ಧವೈಮಾನಿಕ ರಿಕ್ಟ್‌ಹೋಫನ್ ಸತ್ತಾಗ ಹಾರಿಸುತ್ತಿದ್ದದ್ದು ಫೊಕ್ಕರ್ ಡಿಆರ್.ಐ 425/17, '17' ಎಂದರೆ 1917ರ ಬೇಡಿಕೆ. ಅದೇ ಮೂರು ರೆಕ್ಕೆಯ ವಿಮಾನದ ಮೊದಲ ಪ್ರತಿಗಳಿಗೆ ವರ್ಗಸೂಚಿ ಬೇರೆ ಇತ್ತು: 1917ರ ಸೆಪ್ಟೆಂಬರ್ 23ರಂದು ಇನ್ನೊಬ್ಬ ಜರ್ಮನ್ ವೈಮಾನಿಕ ವೆರ್ನರ್ ಫೋಸ್ ಮಡಿದದ್ದು ಎಫ್.ಐ 103/17ರಲ್ಲಿ. ಮೈಬರಹವನ್ನು ಓದುವವರು ಇಂಥ ಬದಲಾವಣೆಯನ್ನು ಮರೆತರೆ ಒಂದೇ ಬಗೆಯ ವಿಮಾನವನ್ನು ಎರಡೆಂದು ಎಣಿಸುತ್ತಾರೆ. ಇನ್ನೊಬ್ಬರ ವಿನ್ಯಾಸವನ್ನು ಪರವಾನಗಿ ಪಡೆದು ಕಟ್ಟಿದ ಕಾರ್ಖಾನೆಯ ಹೆಸರೂ ಆವರಣದೊಳಗೆ ಸೇರುತ್ತಿತ್ತು.

ಬ್ರಿಟಿಷ್ ನಾಗರಿಕ ವಿಮಾನಗಳಿಗೂ ಎರಡನೆಯ ಮಹಾಯುದ್ಧ ಬಂದಾಗ ಸೇನೆಯ ಸಂಖ್ಯೆ ಬಂತು. 1940ರಲ್ಲಿ ಹೋರ್ಸಾದ ನಾಗರಿಕ ಅಕ್ಷರಗಳ ಜಾಗದಲ್ಲಿ ಎಎಸ್981 ಬಿತ್ತು. ಹ್ಯಾನಿಬಲ್ ಮಾತ್ರ ಅಷ್ಟರಲ್ಲೇ ಇಲ್ಲವಾಗಿತ್ತು. 1940ರ ಮಾರ್ಚ್ 1ರಂದು ಎಂಟು ಜನರೊಂದಿಗೆ ಒಮಾನ್ ಕೊಲ್ಲಿಯ ಮೇಲೆ ಅದು ಕಾಣೆಯಾಯಿತು; ಮದ್ರಾಸ್ ಪ್ರಾಂತ್ಯದ ಮಾಜಿ ಸಚಿವ ಎ.ಟಿ. ಪನ್ನೀರ್‌ಸೆಲ್ವಂ ಅದರಲ್ಲಿದ್ದರು.