ಸೈಟೊಮೆಗಲೊವೈರಸ್ ಸೋಂಕು

ಹರ್ಪೀಸ್ ಕುಟುಂಬಕ್ಕೆ ಸೇರಿದ ಸೈಟೊಮೆಗಲೊವೈರಸ್ (ಸಿಎಂವಿ) ತರುವ ಸೋಂಕು. ಭಾರತದಲ್ಲಿ ಬಹುತೇಕರಿಗೆ ಚಿಕ್ಕಂದಿನಲ್ಲೇ ತಗಲಿರುತ್ತದೆ. ಒಮ್ಮೆ ಹೊಕ್ಕ ವೈರಸ್ ಜೀವನಪರ್ಯಂತ ಮೈಯಲ್ಲೇ ಸುಪ್ತವಾಗಿರುತ್ತದೆ. ಆರೋಗ್ಯವಂತರಲ್ಲಿ ಲಕ್ಷಣಗಳೇ ಕಾಣದಿರಬಹುದು, ಇಲ್ಲವೆ ಕೆಲವು ದಿನ ಜ್ವರ, ಸುಸ್ತು ಇರಬಹುದು. ಪೆಟ್ಟು ಬೀಳುವುದು ಗರ್ಭಸ್ಥ ಶಿಶುವಿಗೆ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗೆ.

ಸೋಂಕಿದ ಜೀವಕೋಶ ಊದಿಕೊಳ್ಳುತ್ತದೆ. ಅದರ ಕೋಶಕೇಂದ್ರ ಸೂಕ್ಷ್ಮದರ್ಶಕದಲ್ಲಿ ಗೂಬೆಗಣ್ಣಿನಂತೆ ಕಾಣುತ್ತದೆ. ವೈರಸ್ಸನ್ನು 1956-57ರ ಸುಮಾರಿಗೆ ಮಾರ್ಗರೆಟ್ ಸ್ಮಿತ್, ವ್ಯಾಲೇಸ್ ರೋ ಮತ್ತು ಥಾಮಸ್ ವೆಲ್ಲರ್ ಪ್ರತ್ಯೇಕವಾಗಿ ಬೇರ್ಪಡಿಸಿದರು.

ಹರಡುವಿಕೆ: ಜೊಲ್ಲು, ಮೂತ್ರ, ಎದೆಹಾಲು, ವೀರ್ಯ, ರಕ್ತ ಮತ್ತು ಕಸಿ ಮಾಡಿದ ಅಂಗಗಳ ಮೂಲಕ. ಬಸಿರಿನಲ್ಲಿ ಮೊದಲ ಸಲ ಸೋಂಕು ತಗಲಿದರೆ ಸುಮಾರು ಮೂವರಲ್ಲಿ ಒಬ್ಬರಿಂದ ಮಗುವಿಗೆ ದಾಟುತ್ತದೆ. ಹಳೆಯ ಸೋಂಕು ಮರುಕಳಿಸಿದಾಗ ದಾಟುವ ಸಂಭವ ತೀರ ಕಡಿಮೆ. ಆದರೂ ನಮ್ಮಲ್ಲಿ ಹೆಚ್ಚಿನ ತಾಯಂದಿರು ಮೊದಲೇ ಸೋಂಕಿತರಾದ್ದರಿಂದ ಜನ್ಮಜಾತ ಪ್ರಕರಣಗಳು ಬಹುಪಾಲು ಅವರಲ್ಲೇ ಕಾಣುತ್ತವೆ.

ಪರಿಣಾಮ: ಸೋಂಕಿನೊಂದಿಗೆ ಹುಟ್ಟಿದ ಹತ್ತು ಶಿಶುಗಳಲ್ಲಿ ಸುಮಾರು ಒಂದಕ್ಕೆ ಕಾಮಾಲೆ, ಚರ್ಮದ ಮೇಲೆ ಕೆನ್ನೀಲಿ ಚುಕ್ಕೆ, ಸಣ್ಣ ತಲೆ, ಪಿತ್ತಜನಕಾಂಗ ಮತ್ತು ಗುಲ್ಮದ ಊತ ಇರುತ್ತವೆ. ಉಳಿದವು ಗುಂಡುಗುಂಡಾಗಿಯೇ ಇದ್ದರೂ, ಅವುಗಳಲ್ಲಿ ಶೇ. 10–15ರಷ್ಟು ಮಕ್ಕಳಿಗೆ ಮುಂದೆ ಕಿವಿ ಮಂದವಾಗಬಹುದು. ಆದ್ದರಿಂದ ಹುಟ್ಟಿದಾಗಿನ ಶ್ರವಣ ಪರೀಕ್ಷೆಯಲ್ಲಿ ತೇರ್ಗಡೆಯಾದ ಸೋಂಕಿತ ಮಗುವಿನ ಕಿವಿಯನ್ನೂ ಆಗಾಗ ಪರೀಕ್ಷಿಸುತ್ತಿರಬೇಕು. ಏಡ್ಸ್ ಉಲ್ಬಣಿಸಿ ರೋಗನಿರೋಧಕ ಸಿಡಿ4 ಕೋಶಗಳು ಮೈಕ್ರೋಲೀಟರ್ ರಕ್ತಕ್ಕೆ 50ಕ್ಕಿಂತ ಕೆಳಗಿಳಿದವರಲ್ಲಿ ಅಕ್ಷಿಪಟಲ ಹಾಳಾಗಬಹುದು. ಮೂತ್ರಪಿಂಡ ಕಸಿಯಾದವರಲ್ಲಿ ಶ್ವಾಸಕೋಶ, ಕರುಳು ಉರಿಯೂತಕ್ಕೊಳಗಾಗಬಹುದು.

ಪತ್ತೆ: ಗರ್ಭಿಣಿಯ ಟಾರ್ಚ್ (ಮಗುವಿಗೆ ದಾಟಬಲ್ಲ ಸೋಂಕುಗಳ ರಕ್ತಪರೀಕ್ಷೆ) ವರದಿಯಲ್ಲಿ ‘ಐಜಿಜಿ ಪಾಸಿಟಿವ್’ ಎಂದಷ್ಟೇ ಇದ್ದರೆ ಹೆದರಬೇಕಿಲ್ಲ, ಅದು ಹಿಂದೆಂದೋ ಸೋಂಕು ತಗಲಿದ್ದರ ಗುರುತು. ಶಿಶುವಿನ ಮೂತ್ರ ಅಥವಾ ಜೊಲ್ಲಿನ ಪಿಸಿಆರ್ ಪರೀಕ್ಷೆ 21 ದಿನಗಳೊಳಗೆ ನಡೆಯಬೇಕು. ತಡವಾದರೆ ಸೋಂಕು ಗರ್ಭದಲ್ಲೇ ಬಂದದ್ದೋ ಆಮೇಲೆ ತಗಲಿದ್ದೋ ಹೇಳಲಾಗದು. ಚಳ್ಳಕೆರೆ, ಮೊಳಕಾಲ್ಮೂರಿನಂಥ ತಾಲ್ಲೂಕುಗಳಲ್ಲಿ ಈ ಮೂರು ವಾರ ಬಾಣಂತನದಲ್ಲೇ ಕಳೆಯುತ್ತವೆ. ಆಶಾ ಕಾರ್ಯಕರ್ತೆಯರು 3, 7, 14, 21ನೇ ದಿನ ಮನೆಗೆ ಬರುವ ಪದ್ಧತಿ ಇರುವುದರಿಂದ ಕಾಮಾಲೆ, ಚುಕ್ಕೆಗಳನ್ನು ಆಗಲೇ ಅವರ ಗಮನಕ್ಕೆ ತರಬಹುದು. ಜನ್ಮಜಾತ ಕಿವುಡುತನ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಸೇರಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ, ಚಿಕಿತ್ಸೆಗಳಿವೆ.

ಚಿಕಿತ್ಸೆ ಮತ್ತು ತಡೆ: ಲಕ್ಷಣವಿರುವ ಶಿಶುಗಳಿಗೆ ಮೊದಲ ತಿಂಗಳಲ್ಲೇ ವಾಲ್‌ಗ್ಯಾನ್ಸಿಕ್ಲೋವಿರ್ ಆರಂಭಿಸಿ ಆರು ತಿಂಗಳು ಕೊಡುತ್ತಾರೆ, ಬಿಳಿ ರಕ್ತಕಣ ಇಳಿಯುವುದರಿಂದ ಆಗಾಗ ರಕ್ತಪರೀಕ್ಷೆ ಬೇಕು. ಬಳಕೆಗೆ ಬಂದ ಲಸಿಕೆ ಇನ್ನೂ ಇಲ್ಲ. ಗರ್ಭಿಣಿಯರು ಎಳೆಮಕ್ಕಳ ಉಚ್ಚೆಬಟ್ಟೆ ಬದಲಿಸಿದ ಮೇಲೆ, ಜೊಲ್ಲು ಒರೆಸಿದ ಮೇಲೆ ಸೋಪು ಹಚ್ಚಿ ಕೈತೊಳೆಯಬೇಕು. ಮಗು ತಿಂದು ಬಿಟ್ಟ ಎಂಜಲು ತಿನ್ನಬಾರದು. ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಈ ಸೋಂಕಿನ ಭಯದಿಂದ ಎದೆಹಾಲು ಬಿಡಿಸಬೇಕಿಲ್ಲ.