ಮುಂಬೈ ಬಂದರಿನಲ್ಲಿ ವೇಗದ ಲೆಕ್ಕ

ಗೇಟ್‌ವೇಯಿಂದ ಎಲಿಫೆಂಟಾಗೆ ದೋಣಿ ಹತ್ತಿರ್ತೀರಲ್ವಾ? 2024ರ ಡಿಸೆಂಬರ್ 18ರಂದು ಅದೇ ದಾರೀಲಿ ಹೊರಟಿದ್ದ ‘ನೀಲ್ ಕಮಲ್’ಗೆ, ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ಸ್ಪೀಡ್‌ಬೋಟ್ ನಿಯಂತ್ರಣ ತಪ್ಪಿ ಬಡಿಯಿತು. ಸ್ಪೀಡ್‌ಬೋಟಿನಲ್ಲಿದ್ದ ಕೆಲವರೂ ಸೇರಿ 15 ಜನ ಸತ್ತರು. ನಮ್ಮ ಭಾಷೇಲಿ ಹೇಳೋದಾದ್ರೆ ಪ್ರೊಡಕ್ಷನ್‌ನಲ್ಲೇ ಟೆಸ್ಟಿಂಗ್.

ಈ ಬಂದರು ಇದಕ್ಕಿಂತ ದೊಡ್ಡ ದುರಂತ ನೋಡಿದೆ. 1947ರ ಜುಲೈ 17ರಂದು ರೇವಸ್‌ಗೆ ಹೊರಟ ‘ರಾಮದಾಸ್’ ಹಡಗು ಮುಳುಗಿ 600ಕ್ಕೂ ಹೆಚ್ಚು ಜನ ತೀರಿಹೋದರು. ಅದು ಮಳೆಗಾಲದ ಕಡಲು. 2024ರಲ್ಲಿ ಕೊಂದದ್ದು ವೇಗ.

ಹಡಗುಗಳ ಡಿಕ್ಕಿ ತಡೆಯೋಕೆ 1972ರಲ್ಲಿ ಆದ ಅಂತರರಾಷ್ಟ್ರೀಯ ನಿಯಮಗಳಲ್ಲಿ 6ನೆಯದು ವೇಗದ ಬಗ್ಗೆ. ಅಲ್ಲಿ ಅಂಕಿಯೇ ಇಲ್ಲ! ಸುತ್ತಲಿನ ದಟ್ಟಣೆ ನೋಡಿ, ಬೇಕಾದಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗದಲ್ಲಿ ಹೋಗು ಅನ್ನುತ್ತೆ, ಅಷ್ಟೇ. ಅಪಘಾತದ ನಂತರ ಗೇಟ್‌ವೇಯಲ್ಲಿ ಲೈಫ್ ಜಾಕೆಟ್ ಕಡ್ಡಾಯವಾಯ್ತು. ಅದು ನೀರಿಗೆ ಬಿದ್ದಮೇಲಿನ ಮಾತು. ನನ್ನ ಪ್ರಕಾರ ಪರೀಕ್ಷೆಗೆ ಬೇರೆ ನೀರು ಹುಡುಕಬೇಕಿತ್ತು.